ಕೂದಲು ಬಾಯಿ ಬಿಡುವ ತನಕ

"ಮುಟ್ಬೇಡಿ!"

ಅವಳು ಕೂಗಿದ ರಭಸಕ್ಕೆ ಕೌಂಟರಿನ ಗಾಜು ಅದುರಿದಂತಾಯಿತು. ಮೇಜಿನ ಮೇಲೆ ಅರಗಿನ ಸೀಲು ಹಾಕಿದ ಬಟ್ಟೆಯ ಪೊಟ್ಟಣ. ಅದರತ್ತ ಚಾಚಿದ ಒಂದು ಕೈ. ಉಗುರಿನ ಸಂದಿಯಲ್ಲೆಲ್ಲ ಒಣಗಿದ ಅಂಟು...

ಆ ಕೈಯ ಮೇಲೆ ಅವಳ ಕೈ ಪಟ್ಟನೆ ಬಿದ್ದಿತ್ತು.

ಕೈ ಚಾಚಿದವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟ ಕೆಂಪೋ, ಸಿಟ್ಟಿನ ಕೆಂಪೋ, ಅವಳಿಗೆ ತಿಳಿಯಲಿಲ್ಲ.

"ಹೊಡೆದ್ರಾ?"

"ತಡೆದೆ."

"ನಮ್ಮನೇಲಿ ಇದನ್ನ ಹೊಡೆಯೋದು ಅಂತಾರೆ."

"ನಮ್ಮ ಲ್ಯಾಬಲ್ಲಿ ಇದನ್ನ ಕೆಲಸ ಅಂತಾರೆ. ಸೀಲ್ ಹಾಕಿದ ಸಾಕ್ಷಿ ಅದು. ಯಾರು ನೀವು?"

ಪೊಟ್ಟಣ ತಂದಿದ್ದ ಫಾರೆಸ್ಟ್ ಗಾರ್ಡ್ ಹಣೆಯ ಬೆವರು ಒರೆಸಿಕೊಂಡ. "ಬೇಡ ಅಂದೆ ಮೇಡಂ, ಕೇಳಲಿಲ್ಲ. ನಾನು ಹತ್ತಿದ ಬಸ್ಸಿಗೇ ಹತ್ತಿದ. ಇವರಪ್ಪನ ಕೇಸೇ ಇದು. ಬ್ರಶ್ಶು ಮಾಡೋರು. ಮುಂಗುಸಿ ಕೂದಲು ಅಂತ ಹಿಡಿದಿದ್ದೀವಿ, ಕಾಡುಪ್ರಾಣಿ ಕಾಯ್ದೆ ಕೆಳಗೆ."

"ಮುಂಗುಸಿ ಅಲ್ಲ, ಮೇಕೆ!" ಕುಂಚದವನು ಅಬ್ಬರಿಸಿದ. "ಮೇಕೆ ಕೂದಲು! ನಿಮ್ಮ ಸಾಹೇಬ ಬ್ರಶ್ಶನ್ನ ಬಿಸಿಲಿಗೆ ಹಿಡಿದು ನೋಡಿ 'ಮುಂಗುಸಿ' ಅಂದ. ಅಷ್ಟಕ್ಕೇ ನಮ್ಮಪ್ಪನ್ನ ಎಳ್ಕೊಂಡು ಹೋದ್ರಿ. ಇನ್ನೊಂಚೂರು ಹೊತ್ತು ನೋಡಿದ್ರೆ ಹುಲಿ ಅಂತಿದ್ದನೋ ಏನೋ!"

ಅವಳಿಗೆ ನಗು ಬಂತು. ನುಂಗಿಕೊಂಡಳು.

"ನೋಡಿ, ಮುಂಗುಸಿ ಅಂತ ಅವರು ಹೇಳಿದ್ರೂ ಅಷ್ಟೇ, ಮೇಕೆ ಅಂತ ನೀವು ಹೇಳಿದ್ರೂ ಅಷ್ಟೇ. ಇಲ್ಲಿ ಯಾರ ಮಾತೂ ನಡೆಯಲ್ಲ. ಕೂದಲೇ ಬಾಯಿ ಬಿಡಬೇಕು."

"ಅಲ್ಲಿ ತನಕ ನಮ್ಮಪ್ಪ?"

ಅವಳು ಪೊಟ್ಟಣವನ್ನು ತನ್ನತ್ತ ಎಳೆದುಕೊಂಡಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಬಳಿಕ ತಿರುಗಿ ನಡೆದ. ಬಾಗಿಲು ದಾಟುವಾಗ ಅವನ ಬೆನ್ನು ಬಾಗಿತ್ತು. ಇಷ್ಟು ಹೊತ್ತು ಕೂಗಾಡಿದವನು ಇವನೇನಾ ಎನ್ನುವಷ್ಟು...

'ಎಷ್ಟು ಜನ ಹೀಗೆ ಕೂಗಿಲ್ಲ ನನ್ನ ಮೇಲೆ? ಇವನೊಬ್ಬನ ಬೆನ್ನು ಯಾಕೆ ಕಣ್ಣಿಗೆ ಕಟ್ಟಬೇಕು?'

ಎಂದುಕೊಳ್ಳುತ್ತ ಅವಳು ಮೇಜನ್ನು ಬ್ಲೀಚ್ ಹಾಕಿ ಒರೆಸಿದಳು. ಬಳಿಕ ಇನ್ನೊಮ್ಮೆ. ಹೀಗೆ ಒರೆಸಿದ್ದನ್ನೇ ಒರೆಸುವುದಕ್ಕೆ ಲ್ಯಾಬಿನವರೆಲ್ಲ ಸೇರಿ ಅವಳಿಗೊಂದು ಹೆಸರಿಟ್ಟಿದ್ದರು. ಶುದ್ಧಿ ಮೇಡಂ!

* * *

ಬಡವನ ಬಾಗಿಲಿಗೆ ಬೀಗ ಜಡಿಯಲು ಒಂದು ಅನುಮಾನ ಸಾಕು. ಆ ಬೀಗ ತೆಗೆಸಬೇಕಾದರೆ ಮಾತ್ರ ವಿಜ್ಞಾನವೇ ಬರಬೇಕು, ಅದೂ ತನಗೆ ಪುರುಸೊತ್ತಾದಾಗ!

ಶುದ್ಧಿಗೆ ಬಡವರ ಈ ಸಿಟ್ಟು ಗೊತ್ತಿತ್ತು. ಹಾಗಾಗಿ ಆ ಪೊಟ್ಟಣವನ್ನು ಸರದಿಯಲ್ಲಿ ಕೊಳೆಯಲು ಬಿಡದೆ ಬೇಗ ಕೈಗೆತ್ತಿಕೊಂಡಳು.

ಸಣ್ಣ ಸಣ್ಣ ಕುಂಚಗಳು. ಮರದ ಹಿಡಿ, ತಗಡಿನ ಕೊಳವೆ, ಅದರಿಂದ ಹೊರಬಂದ ಕಂದು ಬಿಳಿ ಪಟ್ಟೆಯ ಕೂದಲು. ತುದಿ ಸೂಜಿಯಂತೆ ಚೂಪು. ನೋಡಿದರೆ ಮುಂಗುಸಿಯದೇ! ಕೂದಲಿಗೆ ಯಾರೋ ಬಣ್ಣ ಕಟ್ಟಿದ್ದರಿಂದ ಸೂಕ್ಷ್ಮದರ್ಶಕವೂ ಕೈಚೆಲ್ಲಿತು. ಇನ್ನು ಉಳಿದದ್ದು ಡಿಎನ್ಎ ಒಂದೇ.

ಸಾಕ್ಷಿಯನ್ನು ಒಡೆಯಲು ಕೋರ್ಟಿನ ಅಪ್ಪಣೆ ಬೇಕು. ಅದಕ್ಕೇ ಅವಳು ಕುಂಚಗಳನ್ನು ಒಡೆಯದೆ ತುದಿಯಿಂದ ಒಂದಿಷ್ಟು ಕೂದಲನ್ನು ಕತ್ತರಿಸಿ ಪರೀಕ್ಷೆಗೆ ಹಾಕಿದಳು.

ಫಲಿತಾಂಶ ಬಂತು. ಅವಳು ಕಣ್ಣುಜ್ಜಿಕೊಂಡಳು.

ಮನುಷ್ಯ!

ಇನ್ನೊಂದು ಕುಂಚ ತೆಗೆದುಕೊಂಡಳು. ಮನುಷ್ಯ! ಮತ್ತೊಂದು... ಅದೂ ಮನುಷ್ಯನೇ!

ಲ್ಯಾಬಿನ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿದರು. ಅವರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದರು.

"ಏನಮ್ಮಾ ಇದು? ಶುದ್ಧಿಯ ಮೇಜಿನ ಮೇಲೇ ಎಂಜಲು ಬಿತ್ತಾ? ಮಾಸ್ಕ್ ಜಾರಿತ್ತಾ? ಸೀನಿದ್ಯಾ?"

"ಇಲ್ಲ ಸರ್. ನಮ್ಮೆಲ್ಲರ ಡಿಎನ್ಎ ಫೈಲಲ್ಲಿ ಇದೆಯಲ್ಲ, ಒಂದೊಂದಾಗಿ ತಾಳೆ ನೋಡಿದೆ. ನನ್ನದಲ್ಲ. ಇಲ್ಲಿ ಯಾರದ್ದೂ ಅಲ್ಲ."

"ಹಾಗಾದ್ರೆ ಗಾರ್ಡಿನದ್ದಿರಬೇಕು. ಸ್ಯಾಂಪಲ್ ಕೆಟ್ಟಿದೆ, ತೀರ್ಮಾನಕ್ಕೆ ಬರೋಕಾಗಲ್ಲ ಅಂತ ಬರೆದು ಕಳಿಸು. ತಲೆನೋವು ಬೇಡ."

ತೀರ್ಮಾನಕ್ಕೆ ಬರಲಾಗದು! ನಮ್ಮ ತಲೆನೋವು ಇಷ್ಟಕ್ಕೆ ಮುಗಿಯುತ್ತದೆ. ಆದರೆ ಅಲ್ಲೊಬ್ಬ ಅಪ್ಪ ಜೈಲಿನೊಳಗಿದ್ದಾರೆ. ಡಿಎನ್ಎ ಏನೂ ಹೇಳದೆ ಹೋದರೆ ಬಿಸಿಲಿಗೆ ಹಿಡಿದು ನೋಡಿದ ಸಾಹೇಬನ ಮಾತೇ ಉಳಿಯುತ್ತದೆ. ಆ ಹಿರಿಯರು ವರ್ಷಗಟ್ಟಲೆ ಕಂಬಿ ಎಣಿಸುತ್ತಾರೆ...

"ಸರ್, ಒಂದ್ಸಲ ಆ ಕುಂಚ ಮಾಡೋ ಜಾಗ ನೋಡ್ಬೇಕು."

"ನೀನು ಲ್ಯಾಬಿನವಳಾ, ಪತ್ತೇದಾರಳಾ?"

"ಅಲ್ಲಿಂದ ಕಚ್ಚಾ ಕೂದಲು ಬೇಕು ಅಂತ ಬರೀತೀನಿ ಸರ್. ನಿಯಮದಲ್ಲಿ ಅವಕಾಶ ಇದೆ."

ನಿಯಮ ಎಂದಾಗ ದೊಡ್ಡವರು ಎಂದೂ ಇಲ್ಲ ಎಂದವರಲ್ಲ. ಸಹಿ ಬಿತ್ತು.

* * *

ಗಾರ್ಡ್ ಸೀಲು ಒಡೆದು ಬಾಗಿಲು ತೆರೆದ. ಓಣಿಯ ಕೊನೆಯ ಒಂಟಿ ಕೋಣೆ ಅದು. ಕಿಟಕಿಯ ಕೆಳಗೆ ತಗ್ಗು ಮೇಜು, ದಾರದ ಉಂಡೆಗಳು, ತಗಡಿನ ಕೊಳವೆಗಳು ತುಂಬಿದ ಡಬ್ಬಿ, ಮೂಲೆಯಲ್ಲಿ ಬಾಚಣಿಗೆಗಳು. ಕುಂಚದವನ ಅಪ್ಪ ಕೂರುತ್ತಿದ್ದ ಜಾಗದಲ್ಲಿ ಚಾಪೆ ಸವೆದು ಹೊಳೆಯುತ್ತಿತ್ತು.

ಕುಂಚದವನು ಆ ಚಾಪೆಯ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ಬರಿ ನೆಲದ ಮೇಲೆ ಕುಳಿತ. ಅವಳು ಅದನ್ನು ಗಮನಿಸಿದಳು.

"ಕೂದಲು ಎಲ್ಲಿಂದ ತರ್ತೀರಿ?"

"ಮೇಕೆ ಸಾಕೋರ ಹತ್ರ. ಕಿವಿ, ಬಾಲ ಬಾಚಿ ತೆಗೀತೀವಿ. ಕತ್ತರಿಸಲ್ಲ. ಕತ್ತರಿಸಿದ್ರೆ ಮೊಂಡಾಗುತ್ತೆ."

"ಬಣ್ಣ ಯಾಕೆ ಕಟ್ತೀರಿ?"

ಅವನ ದನಿ ಇಳಿಯಿತು. "ನಾನು ಹುಟ್ಟಿದ ವರ್ಷ ಅಪ್ಪ ಮುಂಗುಸಿ ಕೂದಲು ಮುಟ್ಟೋದು ಬಿಟ್ರು. ಆದ್ರೆ ಚಿತ್ರ ಬರೆಯೋರ ಕಣ್ಣಿಗೆ ಆ ಪಟ್ಟೆ ರೂಢಿಯಾಗಿತ್ತಲ್ಲ, ಬಿಳಿ ಬ್ರಶ್ಶು ಕೊಟ್ರೆ ಮೂಸಿನೂ ನೋಡ್ತಿರಲಿಲ್ಲ. ಮೇಕೆದೇ ಅಂತ ಹೇಳಿ, ಪಟ್ಟೆ ಬರೋ ಹಾಗೆ ಬಣ್ಣ ಕಟ್ಟಿ ಕೊಡೋಕೆ ಶುರು ಮಾಡಿದ್ರು. ಒಂದು ಪ್ರಾಣಿ ಉಳಿಯಲಿ ಅಂತ ಮಾಡಿದ ಪಟ್ಟೇನೇ ಈಗ ನೋಡಿ, ಕುತ್ತಿಗೆಗೆ ಬಂತು. ಜೈಲಲ್ಲಿ ಅವರನ್ನ 'ಏಯ್ ಮುಂಗುಸಿ' ಅಂತ ಕರೀತಾರಂತೆ. ಊಟ ಬಿಟ್ಟಿದ್ದಾರೆ..."

ಗಾರ್ಡ್ ಕಿಟಕಿಯ ಹೊರಗೆ ನೋಡತೊಡಗಿದ.

"ಒಂದು ಕುಂಚ ಮಾಡಿ ತೋರಿಸಿ," ಎಂದಳು, ಏನಾದರೂ ಹೇಳಬೇಕಲ್ಲ ಎಂದು.

ಅವನು ಒಂದು ಚಿಟಿಕೆ ಕೂದಲು ತೆಗೆದ. ತುದಿಗಳನ್ನು ಸಮ ಮಾಡಿದ. ದಾರ ಸುತ್ತಿ ಬಿಗಿದ. ಬುಡವನ್ನು ಅಂಟಿನಲ್ಲಿ ಅದ್ದಿ ಕೊಳವೆಯೊಳಗೆ ಕೂರಿಸಿದ. ಅಂದು ಪೊಟ್ಟಣಕ್ಕೆ ಕೈ ಹಾಕಲು ಬಂದಿದ್ದ ಬೆರಳುಗಳು ಈಗ ಎಷ್ಟು ಮೃದು! ಅವಳು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

ಆಮೇಲೆ ಅವನು ಆ ಕುಂಚವನ್ನು ಬಾಯಿಗಿಟ್ಟ. ತುಟಿಗಳ ನಡುವೆ ಒತ್ತಿ, ಮೆಲ್ಲಗೆ ತಿರುಗಿಸುತ್ತ ಹೊರಗೆಳೆದ. ತುದಿ ಸೂಜಿಯಂತಾಯಿತು.

"ಏನ್ ಮಾಡಿದ್ರಿ ಈಗ?!" ಅವಳು ಎದ್ದೇ ನಿಂತಿದ್ದಳು.

ಅವನು ಗಾಬರಿಯಾದ. "ಏನು... ತುದಿ ಕಟ್ಟಿದೆ."

"ಬಾಯಲ್ಲಿ?"

"ಮತ್ತಿನ್ನೆಲ್ಲಿ? ನೀರಲ್ಲಿ ಅದ್ದಿದ್ರೆ ಅರಳ್ಕೊಳ್ಳುತ್ತೆ. ಚಿಕ್ಕಂದಿನಿಂದ ಹೀಗೇ."

"ಪೊಟ್ಟಣದಲ್ಲಿದ್ದ ಬ್ರಶ್ಶಿಗೆಲ್ಲ ತುದಿ ಕಟ್ಟಿದ್ದು ಯಾರು?"

"ನಾನೇ. ಅಪ್ಪ ಕೂದಲು ಆರಿಸ್ತಾರೆ, ಬಿಗೀತಾರೆ. ಅವರಿಗೆ ಹಲ್ಲಿಲ್ಲ, ತುಟಿ ನಿಲ್ಲಲ್ಲ. ಯಾಕೆ, ಅದೂ ಅಪರಾಧಾನಾ?"

ಅವಳು ನಕ್ಕುಬಿಟ್ಟಳು. ಮಾಸ್ಕಿನೊಳಗೆ, ಭುಜ ಕುಣಿಯುವಷ್ಟು! ದಿನಗಟ್ಟಲೆ ನಿದ್ದೆ ಕೆಡಿಸಿದ ಆ ಮನುಷ್ಯ ಎದುರಿಗೇ ಕುಳಿತಿದ್ದ, ಕೈಯಲ್ಲಿ ಎಂಜಲು ಕುಂಚ ಹಿಡಿದುಕೊಂಡು!

ನಗು ನಿಂತಾಗ ಇನ್ನೊಂದು ಹೊಳೆಯಿತು. ಬಾಚಿ ತೆಗೆದ ಕೂದಲಿಗೆ ಬೇರು ಇರುತ್ತದೆ. ಬೇರಿನಲ್ಲಿ ಡಿಎನ್ಎ ಇರುತ್ತದೆ. ಆ ಬೇರುಗಳೆಲ್ಲ ಇರುವುದು ತಗಡಿನ ಕೊಳವೆಯೊಳಗೆ, ಅಂಟಿನ ಕೆಳಗೆ, ಯಾರ ತುಟಿಯೂ ತಲುಪದ ಜಾಗದಲ್ಲಿ. ಕುಂಚ ಒಡೆಯಬಾರದೆಂದು ತಾನು ತುದಿ ಕತ್ತರಿಸುತ್ತ ಕುಳಿತಿದ್ದೆನಲ್ಲ!

"ಕೊಳವೆ ಒಡೀಬೇಕು," ಎಂದಳು ತನ್ನಷ್ಟಕ್ಕೇ.

"ಏನು?"

"ಏನಿಲ್ಲ."

ಅವನ ಮುಖ ಮತ್ತೆ ಬಿಗಿಯಿತು.

* * *

ಕೋರ್ಟು ಎರಡಕ್ಕೂ ಅಪ್ಪಣೆ ಕೊಟ್ಟಿತು. ಕುಂಚ ಒಡೆಯಬಹುದು. ಕುಂಚದವನ ಎಂಜಲಿನ ಮಾದರಿಯನ್ನೂ ತೆಗೆದುಕೊಳ್ಳಬಹುದು.

"ಬಾಯಿ ತೆರೀರಿ," ಎಂದಳು ಹತ್ತಿಯ ಕಡ್ಡಿ ಹಿಡಿದು.

"ಎಲ್ರೂ ನನಗೆ ಬಾಯಿ ಮುಚ್ಚು ಅಂತಾರೆ. ತೆರಿ ಅಂದೋರು ನೀವೇ ಮೊದಲು."

"ಮಾತಾಡೋಕಲ್ಲ ತೆರೆಯೋಕೆ ಹೇಳಿದ್ದು."

ಅವನು ಬಾಯಿ ತೆರೆದ. ಅವಳು ಹತ್ತಿರ ಬಾಗಿದಳು. ಕೆನ್ನೆಯ ಒಳಬದಿಗೆ ಹತ್ತಿ ಒತ್ತಿ ಉಜ್ಜಿದಳು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗಿತು, ಗ್ಲೌಸ್ ಮುಗಿದು ಚರ್ಮ ಶುರುವಾಗುವ ಜಾಗಕ್ಕೆ...

'ಇದು ಸ್ಯಾಂಪಲ್. ಬರೀ ಸ್ಯಾಂಪಲ್. ಬಿಟ್ಟರೆ ಬೇರೇನೂ ಅಲ್ಲ!'

"ನಿಮ್ಮ ಕೈ ನಡುಗ್ತಿದೆ," ಎಂದ, ಕಡ್ಡಿ ಹೊರಬಂದೊಡನೆ.

"ಏಸಿ ಜಾಸ್ತಿ."

"ಏಸಿ ಕೆಟ್ಟಿದೆ ಅಂತ ಬಾಗಿಲಲ್ಲೇ ಬರೆದಿದ್ದೀರಲ್ಲ."

ಅವಳು ಕಡ್ಡಿಯನ್ನು ಪ್ಲಾಸ್ಟಿಕ್ ಕೊಳವೆಗೆ ಹಾಕಿ ಸೀಲು ಮಾಡುವುದರಲ್ಲಿ ಮುಳುಗಿದಂತೆ ನಟಿಸಿದಳು. ಕಿವಿ ಮಾತ್ರ ಕೆಂಪಾಗಿತ್ತು!

* * *

ಅಂಟು ಕರಗಿತು. ಕೊಳವೆಯೊಳಗಿಂದ ಸಣ್ಣ ಸಣ್ಣ ಗಂಟುಗಳಂಥ ಬೇರುಗಳು ಹೊರಬಂದವು. ಯಂತ್ರ ಓಡಿತು. ಅವಳು ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತಳು.

ಮೇಕೆ.

ಮೇಕೆ. ಮೇಕೆ. ಒಡೆದ ಪ್ರತಿ ಕುಂಚದಲ್ಲೂ ಮೇಕೆಯೇ! ಒಂದರಲ್ಲೂ ಮುಂಗುಸಿಯ ಸುಳಿವಿಲ್ಲ. ತುದಿಯಲ್ಲಿದ್ದ ಮನುಷ್ಯನೂ ಅವನೇ.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗ್ಲೌಸ್ ಕೈಯಲ್ಲಿ ಮುಖ ಮುಟ್ಟಬಾರದೆಂಬ ನಿಯಮವನ್ನು ಶುದ್ಧಿ ಮೇಡಂ ಜೀವನದಲ್ಲಿ ಮೊದಲ ಸಲ ಮುರಿದಿದ್ದಳು.

ದೊಡ್ಡವರು ವರದಿಗೆ ಸಹಿ ಹಾಕಿ ಲಕೋಟೆಗೆ ಅರಗು ಬಿಟ್ಟರು. "ಇದು ಸೋಮವಾರ ಕೋರ್ಟಲ್ಲಿ ಒಡೆಯೋ ತನಕ ನಿನ್ನ ಬಾಯಿಂದ ಒಂದಕ್ಷರ ಹೊರಬರಬಾರದು. ಆರೋಪಿಯ ಮಗನ ಜೊತೆ ಮಾತಾಡಿದಳು ಅಂತ ಯಾರಾದ್ರೂ ಕಿವಿ ಊದಿದ್ರೆ, ವರದಿ ಕಸದಬುಟ್ಟಿಗೆ. ಆ ಮುದುಕಪ್ಪ ಒಳಗೇ ಇರ್ತಾನೆ."

"ಗೊತ್ತು ಸರ್."

ಗೊತ್ತಿತ್ತು. ಆದರೆ ಗೇಟಿನ ಹೊರಗೆ ಅವನು ನಿಂತಿರುತ್ತಾನೆಂದು ಗೊತ್ತಿರಲಿಲ್ಲ.

"ಮೇಡಂ!" ಓಡಿಬಂದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. "ಟೆಸ್ಟ್ ಮುಗೀತಂತೆ. ಒಂದೇ ಒಂದು ಮಾತು. ಹೌದಾ, ಅಲ್ವಾ?"

"ಹೇಳೋಕಾಗಲ್ಲ."

"ಅಪ್ಪನ್ನ ನೋಡಿ ಬರ್ತಿದ್ದೀನಿ. ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಾನು ಕರೆದ್ರೂ ತಿರುಗಲಿಲ್ಲ." ಅವನ ದನಿ ಒಡೆಯಿತು. "ಬಾಯಿ ಬಿಟ್ಟು ಹೇಳ್ಬೇಡಿ. ಕಣ್ಣಲ್ಲಾದ್ರೂ ಹೇಳಿ..."

ಕಣ್ಣೆತ್ತಿದರೆ ಮುಗಿಯಿತು! ಅವಳ ಕಣ್ಣಿಗೆ ಗುಟ್ಟು ಮುಚ್ಚಿಡಲು ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ. ಹತ್ತಿರದಲ್ಲೇ ಗೇಟಿನ ಕಾವಲುಗಾರ, ಬಸ್ಸಿಗೆ ಕಾಯುವ ಜನ... ಅವಳು ತಲೆ ತಗ್ಗಿಸಿ ಚಪ್ಪಲಿ ನೋಡಿದಳು.

ಅವನು ಆ ತಗ್ಗಿದ ತಲೆಯನ್ನು ನೋಡಿದ. ಮೆಲ್ಲಗೆ ಹಿಂದೆ ಸರಿದ.

"ಗೊತ್ತಾಯ್ತು."

'ಇಲ್ಲ, ನಿನಗೆ ಏನೂ ಗೊತ್ತಾಗಿಲ್ಲ ಮಾರಾಯಾ!'

"ಯಾರ ಮಾತೂ ನಡೆಯಲ್ಲ ಅಂದಿದ್ರಿ. ನಂಬಿದ್ದೆ. ಸಾಹೇಬನ ಮಾತೇ ನಡೀತು, ಅಲ್ವಾ? ಕೈಗೆ ಗ್ಲೌಸ್ ಹಾಕ್ತೀರಿ, ಸರಿ. ಎದೆಗೂ ಹಾಕ್ಕೊಂಡಿದ್ದೀರಲ್ಲ!"

ಒಂದೊಂದು ಮಾತೂ ಚುಚ್ಚಿತು. ಬಸ್ಸು ಬಂತು. ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲೂ ಧೈರ್ಯ ಬರಲಿಲ್ಲ.

ಮನೆಯಲ್ಲಿ ಅವಳ ತಾಯಿ ತಟ್ಟೆಯತ್ತ ನೋಡಿದರು. "ಏನೇ ಗುಬ್ಬಿ, ಆಗಿಂದ ಕೆದಕ್ತಾನೇ ಇದ್ದೀಯ? ಊಟಕ್ಕೂ ಡಿಎನ್ಎ ಟೆಸ್ಟಾ?"

"ಹಸಿವಿಲ್ಲಮ್ಮ."

"ಯಾರು ಬೈದ್ರು?"

"ಯಾರೂ ಇಲ್ಲ."

"ಯಾರೂ ಬೈಯದೆ ಇದ್ರೆ ನೀನು ಎರಡು ಸಲ ಬಡಿಸ್ಕೊಳ್ಳೋಳು." ತಾಯಿ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು. "ಬೈದೋರ ಮೇಲೆ ಸಿಟ್ಟು ಬರ್ತಿಲ್ವಾ?"

ಅವಳು ಯೋಚಿಸಿದಳು. ಆಶ್ಚರ್ಯ! ಬರುತ್ತಿರಲಿಲ್ಲ. ಅವನು ಈಗ ಎಲ್ಲಿರಬಹುದು, ಏನಾದರೂ ತಿಂದಿರಬಹುದೇ ಎಂದಷ್ಟೇ...

ತಾಯಿ ಅವಳ ಮುಖ ನೋಡಿ ತಟ್ಟೆಗೆ ಮೊಸರು ಬಡಿಸಿದರು.

* * *

ಸೋಮವಾರ ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ಕಟಕಟೆಯ ಪಕ್ಕದಲ್ಲಿ ಸೊರಗಿದ ಒಬ್ಬ ಮುದುಕ. ಹಿಂದಿನ ಬೆಂಚಿನಲ್ಲಿ ಕುಂಚದವನು. ಅವಳು ಒಳಗೆ ಬಂದಾಗ ಅವನು ಮುಖ ತಿರುಗಿಸಿದ.

ನ್ಯಾಯಾಧೀಶರು ಲಕೋಟೆ ಒಡೆದರು. ಕಣ್ಣಾಡಿಸಿದರು.

"ಪರೀಕ್ಷಿಸಿದ ಎಲ್ಲ ಕುಂಚಗಳ ಕೂದಲೂ ಮೇಕೆಯದು. ಮುಂಗುಸಿಯ ಅಂಶ ಯಾವುದರಲ್ಲೂ ಇಲ್ಲ..."

ಹಿಂದಿನ ಬೆಂಚು ಕಿರ್ರೆಂದಿತು. ಯಾರೋ ಎದ್ದು ನಿಂತಿದ್ದರು. ಯಾರೆಂದು ತಿಳಿಯಲು ಅವಳು ತಿರುಗಬೇಕಿರಲಿಲ್ಲ.

ಸರ್ಕಾರಿ ವಕೀಲರು ಬಿಡಲಿಲ್ಲ. "ಇದೇ ಕುಂಚಗಳಲ್ಲಿ ಮೊದಲು ಮನುಷ್ಯರ ಡಿಎನ್ಎ ಬಂದಿದೆ. ಮಾದರಿ ಕೆಟ್ಟಿದೆ. ಈ ವರದಿ ನಂಬೋದು ಹೇಗೆ?"

"ಕೆಟ್ಟಿಲ್ಲ ಸರ್," ಅವಳ ದನಿ ಸ್ಪಷ್ಟವಾಗಿತ್ತು. "ಕುಂಚದ ತುದಿ ಚೂಪಾಗೋಕೆ ಅದನ್ನ ತುಟಿಯಲ್ಲಿ ಒತ್ತಿ ಎಳೀತಾರೆ. ನಾವು ಮೊದಲು ತೆಗೆದದ್ದು ತುದಿಯಿಂದ. ಅದಕ್ಕೇ ಮನುಷ್ಯ ಬಂತು. ಆಮೇಲೆ ಕೊಳವೆ ಒಡೆದು ಬೇರಿಂದ ತೆಗೆದ್ವಿ. ಅಲ್ಲಿ ಬರೀ ಮೇಕೆ."

"ತುಟಿ ಅಂದ್ರಿ. ಯಾರ ತುಟಿ?" ನ್ಯಾಯಾಧೀಶರು ಕೇಳಿದರು.

"ಅದೂ ತಾಳೆಯಾಗಿದೆ ಸರ್." ಅವಳು ತಿರುಗಿ ತೋರಿಸಲೇಬೇಕಾಯಿತು. "ಅವರದ್ದು."

ಇಡೀ ಕೋರ್ಟು ಕುಂಚದವನ ತುಟಿಯನ್ನೇ ನೋಡಿತು! ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಎಲ್ಲರೂ ಗೊಳ್ಳೆಂದು ನಕ್ಕರು. ನ್ಯಾಯಾಧೀಶರೂ ಕಾಗದದ ಹಿಂದೆ ಮುಖ ಮರೆಮಾಡಿದರು. ಕಟಕಟೆಯ ಪಕ್ಕದಲ್ಲಿದ್ದ ಕುಂಚದವನ ಅಪ್ಪ ಮಾತ್ರ ನಗದೆ ಗೋಡೆಗೆ ಒರಗಿ, ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಹೊರಗೆ ಬಿಟ್ಟರು.

ಬಿಡುಗಡೆಯ ಆದೇಶ ಅಲ್ಲೇ ಆಯಿತು.

* * *

ಹೊರಗೆ ಮೆಟ್ಟಿಲ ಬಳಿ ಅವನು ಅಡ್ಡ ನಿಂತ. ಆಚೆ ಮರದ ಕೆಳಗೆ ನಿಂತ ಆಟೋದಲ್ಲಿ ಅವನಪ್ಪ ಆಗಲೇ ಕುಳಿತಿದ್ದರು.

"ಅವತ್ತು ಗೇಟ್ ಹತ್ರ... ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಅಷ್ಟೆಲ್ಲ ಬೈತಿದ್ದಾಗಲೂ?"

"ಒಂದು ಮಾತು ಆಡಿದ್ರೂ ವರದಿ ಬಿದ್ದುಹೋಗ್ತಿತ್ತು. ನಿಮ್ಮಪ್ಪ ಒಳಗೇ ಇರ್ತಿದ್ರು."

ಅವನು ತಲೆಗೂದಲಿಗೆ ಕೈ ಹಾಕಿ ಹಿಡಿದುಕೊಂಡ. "ಥೂ ನನ್ನ! ನನ್ನ ನಾಲಿಗೇನ ಕೊಳವೆಗೆ ಹಾಕಿ ಅಂಟು ಹಚ್ಚಬೇಕು!"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರು. ತಡೆಯಲು ನೋಡಿದಳು, ಆಗಲಿಲ್ಲ.

"ಅಯ್ಯೋ... ಅಳ್ಬೇಡಿ. ಯಾಕೆ ಅಳ್ತಿದ್ದೀರಿ? ಎಲ್ಲ ಒಳ್ಳೇದೇ ಆಯ್ತಲ್ಲ?"

"ಅದಕ್ಕೇ. ಇಷ್ಟು ದಿನ ಅಳೋಕೂ ಇರಲಿಲ್ಲ ನನಗೆ. ಯಾರ ಕಡೆಗೂ ವಾಲದೆ ನಿಲ್ಲಬೇಕಿತ್ತು. ನಿಮ್ಮನ್ನ ನೋಡೋಕೂ ಇರಲಿಲ್ಲ..."

ಕೊನೆಯ ಮಾತು ತಾನಾಗಿಯೇ ಜಾರಿಬಿತ್ತು.

"ಒಂದು ಹೇಳ್ಲಾ?" ಅವನ ದನಿಯಲ್ಲಿ ಎಂದಿನ ಕಾವು ಇತ್ತು, ಆದರೆ ಅದು ಸಿಟ್ಟಿನದಲ್ಲ. "ಈ ನಾಲ್ಕು ದಿನ ಬೆಳಿಗ್ಗೆ ಎದ್ರೆ ಸಾಕು, ಮೊದಲು ನಿಮ್ಮನ್ನ ಬೈತಿದ್ದೆ. ಅಪ್ಪನ ನೆನಪು ಆಮೇಲೆ ಬರ್ತಿತ್ತು. ಸಾಹೇಬ ಅಂತೂ ನೆನಪೇ ಆಗ್ತಿರಲಿಲ್ಲ. ಹಿಡಿದು ಒಳಗೆ ಹಾಕಿದೋನನ್ನ ಬಿಟ್ಟು ನಿಮ್ಮ ಮೇಲೆ ಯಾಕೆ ಇಷ್ಟು ಸಿಟ್ಟು ಅಂತ ಯೋಚನೆ ಮಾಡ್ದೆ. ನಿನ್ನೆ ಗೊತ್ತಾಯ್ತು. ಬೇರೆ ಯಾರೂ ನನ್ನ ಕಡೆ ಇಲ್ಲದಿದ್ರೂ ಸರಿ, ನೀವು ಇರ್ಬೇಕಿತ್ತು ಅಂತ. ಅಷ್ಟು ಇಷ್ಟ ಆಗಿಬಿಟ್ಟಿದ್ದೀರಿ. ಇದು ತಪ್ಪಾದ್ರೆ ಹೇಳಿ, ಹೋಗಿಬಿಡ್ತೀನಿ."

ಅವಳು ಕೆನ್ನೆ ಒರೆಸಿಕೊಂಡಳು. ಕಣ್ಣೆತ್ತಿ ಅವನನ್ನು ನೇರವಾಗಿ ನೋಡಿದಳು. ಆ ಕಣ್ಣುಗಳಲ್ಲಿ ಏನಿತ್ತೋ, ಹೋಗಿಬಿಡುತ್ತೇನೆ ಎಂದವನು ಒಂದು ಹೆಜ್ಜೆ ಹತ್ತಿರ ಬಂದ.

"ಏನೋ ಕೆಂಡ!" ಆಟೋದಿಂದ ಅಪ್ಪನ ಕ್ಷೀಣ ದನಿ. ಮಗನ ಸಿಟ್ಟಿಗೆ ಅವರಿಟ್ಟ ಹೆಸರು ಅದು. "ಹಸಿವಾಗ್ತಿದೆ ಕಣೋ. ಆ ತಾಯಿನೂ ಕರ್ಕೊಂಡು ಬಾ, ಇಲ್ಲಾ ನನ್ನನ್ನಾದ್ರೂ ಕರ್ಕೊಂಡು ಹೋಗು!"

ಊಟ ಬಿಟ್ಟಿದ್ದ ಅಪ್ಪ ಹಸಿವು ಎಂದಿದ್ದರು! ಅವನು ಬೆರಗಾಗಿ ಆಟೋ ಕಡೆ ನೋಡಿದ, ಬಳಿಕ ಅವಳ ಕಡೆ. ಈ ಸಲ ಕಣ್ಣು ತುಂಬಿದ್ದು ಅವನದು.

"ಕೇಳಿಸ್ತಾ? ಅಪ್ಪ ಊಟ ಕೇಳ್ತಿದ್ದಾರೆ..."

"ಕೇಳಿಸ್ತು. ಮತ್ತೆ ನಿಂತಿದ್ದೀರಲ್ಲ? ನಡೀರಿ."

"ನೀವು?"

ಅವಳು ಆಗಲೇ ಆಟೋ ಕಡೆ ಹೆಜ್ಜೆ ಹಾಕಿದ್ದಳು. ಬಾಗಿ ಒಳಗೆ ನೋಡಿ, ಮುದುಕನಿಗೆ ಕೈಮುಗಿದು, ಮೆಲ್ಲಗೆ ಹೇಳಿದಳು:

"ಸ್ವಲ್ಪ ಜರುಗ್ತೀರಾ ಅಪ್ಪಾ... ನಾನೂ ಬರ್ತೀನಿ."